ಮೃಗಶಿರಕ್ಕೆ ಮೊದಲು ಬೀರು: ಮಳೆಗಾಲಕ್ಕೆ ಬಟ್ಟೆ ಕಪಾಟು ಸಜ್ಜು ಮಾಡುವ ಸಮಗ್ರ ಮಾರ್ಗದರ್ಶಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೀರು ತೆಗೆದರೆ ಸೀರೆ ಮಡಿಕೆಯ ಮೇಲೆ ಬಿಳಿ ಪುಡಿ, ಬ್ಲೌಸಿನ ಹುಕ್ಕಿನ ಸುತ್ತ ತುಕ್ಕಿನ ಕಲೆ, ಮೂಗಿಗೆ ಬಡಿಯುವ ಮುಗ್ಗು ವಾಸನೆ. ಮೇ ತಿಂಗಳಲ್ಲೇ ಎಲ್ಲವನ್ನೂ ತೆಗೆದು ಜೋಡಿಸಿದವರ ಮನೆಯಲ್ಲೂ ಹೀಗೇ ಆಗುತ್ತದೆ. ಅವರು ಮಾಡಿದ್ದು ಇಷ್ಟು: ಬಟ್ಟೆ ಹೊರಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ಕಪಾಟು ಒರೆಸಿ, ಅರ್ಧ ಗಂಟೆಯಲ್ಲಿ ಮತ್ತೆ ತುಂಬಿ, ನಾಲ್ಕು ನುಸಿಗುಳಿಗೆ ಎಸೆದು ಬಾಗಿಲು ಮುಚ್ಚಿದರು. ತೇವವನ್ನು ಒಳಗಿಟ್ಟೇ ಬೀಗ ಹಾಕಿದ ಹಾಗಾಯಿತು.

ರೇಷ್ಮೆಗೆ ಇನ್ನೊಂದು ತೊಂದರೆಯಿದೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇಲ್ಲ. ವರ್ಷದಲ್ಲೇ ಅತಿ ಹೆಚ್ಚು ತೇವ ಇರುವ ವಾರಗಳಲ್ಲಿ ಒಳ್ಳೆಯ ಸೀರೆಗಳಿಗೆ ಗಾಳಿ ತಾಗುವುದೇ ಇಲ್ಲ. ಹಾಳಾಗುವುದೆಲ್ಲ ಈ ಅವಧಿಯಲ್ಲಿ, ಕಣ್ಣಿಗೆ ಬೀಳುವುದು ಶ್ರಾವಣದಲ್ಲಿ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ: ಕಪಾಟು ಒಣಗಬೇಕು, ಬಟ್ಟೆ ಒಣಗಬೇಕು, ಆಮೇಲೆ ವಿಂಗಡಣೆ, ಕೊನೆಗೆ ಜೋಡಣೆ. ಕರಾವಳಿ ಮತ್ತು ಮಲೆನಾಡಿನವರು ಒಂದು ಹಂತವನ್ನೂ ಬಿಡುವ ಹಾಗಿಲ್ಲ. ಬೆಂಗಳೂರು, ಮೈಸೂರಿನವರು ಹೊರಗೋಡೆಗೆ ಒತ್ತಿದ ಕಪಾಟು ಮತ್ತು ನೆಲಮಹಡಿಯ ಕೋಣೆಗಳ ಮಟ್ಟಿಗೆ ಇಷ್ಟೇ ಕಟ್ಟುನಿಟ್ಟಾಗಿರಬೇಕು. ವಿಜಯಪುರ, ರಾಯಚೂರಿನ ಕಡೆಯವರಿಗೆ ಬೂಸ್ಟಿಗಿಂತ ಧೂಳು ಮತ್ತು ಹುಳದ ಕಾಟ ಹೆಚ್ಚು. ಅವರಿಗೆ 3, 5 ಮತ್ತು 7ನೇ ಹಂತ ಮುಖ್ಯ.

## ಯಾವಾಗ ಶುರು ಮಾಡಬೇಕು

ಕೃತ್ತಿಕೆ ಮಳೆ ಮುಗಿಯುವ ಹೊತ್ತಿಗೆ, ಅಂದರೆ ಮೇ 20ರ ಆಸುಪಾಸು ಶುರು ಮಾಡಿ, ಮೃಗಶಿರ ಹುಟ್ಟುವ ಮೊದಲು, ಜೂನ್ 5ರೊಳಗೆ ಮುಗಿಸಿ. ಏಪ್ರಿಲ್‌ನಲ್ಲೇ ಮಾಡಿದರೆ ಮದುವೆ ಸೀಸನ್ನಿನಲ್ಲಿ ಮತ್ತೆ ಎಲ್ಲ ಕಲಸಿಹೋಗುತ್ತದೆ. ಜೂನ್ ಎರಡನೇ ವಾರಕ್ಕೆ ತಳ್ಳಿದರೆ ಒಣಗಿಸಲು ಬಿಸಿಲೇ ಇರುವುದಿಲ್ಲ.

ಒಂದು ಬೀರುವಿಗೆ ಎರಡು ಪೂರ್ತಿ ದಿನ ಬೇಕು. ಒಂದೇ ಭಾನುವಾರದಲ್ಲಿ ಮುಗಿಸುತ್ತೇನೆ ಎಂದವರೇ ಸಂಜೆ ಆರಕ್ಕೆ ಅರೆ ಒಣಗಿದ ಬಟ್ಟೆಯನ್ನು ಒಳಗೆ ತುರುಕುವುದು. ಸಂಜೆಯ ಗಾಳಿಯಲ್ಲಿ ತೇವ ಏರುತ್ತದೆ. ಮಧ್ಯಾಹ್ನ ಒಣಗಿದ್ದ ಹತ್ತಿ ಬಟ್ಟೆಯೂ ಏಳು ಗಂಟೆಯವರೆಗೆ ಹಗ್ಗದ ಮೇಲಿದ್ದರೆ ಮತ್ತೆ ತೇವ ಎಳೆದುಕೊಳ್ಳುತ್ತದೆ.

## ಬೇಕಾಗುವ ಸಾಮಾನು

ಹಳೆಯ, ಮೆತ್ತಗಾದ ಹತ್ತಿ ಪಂಚೆ ಎರಡೋ ಮೂರೋ ಇರಲಿ. ಒಂದು ಪಂಚೆಯಿಂದ ಸೀರೆ ಸುತ್ತುವ ಮೂರು ತುಂಡು ಸಿಗುತ್ತವೆ. ಗಂಜಿ, ನೀಲಿ ಹಾಕದೆ ಎರಡು ಸಲ ಒಗೆದು ಒಣಗಿಸಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಮಲ್‌ಮಲ್ ಬಟ್ಟೆಯೂ ಆಗುತ್ತದೆ, ಹೊಸದಾದರೆ ಮೊದಲು ಒಗೆದು ಅದರ ಗಂಜಿ ತೆಗೆಯಬೇಕು.

ಇವುಗಳ ಜೊತೆಗೆ ಮೆತ್ತನೆಯ ಕೂದಲಿನ ಬ್ರಷ್, ಬಿಳಿ ವಿನೆಗರ್ ಒಂದು ಬಾಟಲಿ, ಟೇಬಲ್ ಫ್ಯಾನ್, ಮಾಸ್ಕ್, ಪೆನ್ಸಿಲ್, ಅಗಲವಾದ ಅಂಟುಪಟ್ಟಿ, ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್, ಬಾಯಿ ಕಟ್ಟಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಚೀಲ, ತೇವ ಹೀರಿದಾಗ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಅರ್ಧ ಕಿಲೋ. ಗಾಳಿಯ ತೇವ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕರಾವಳಿ, ಮಲೆನಾಡಿನ ಮನೆಯಲ್ಲಿ ನುಸಿಗುಳಿಗೆಗೆ ಸುರಿಯುವ ದುಡ್ಡಿಗಿಂತ ಇದಕ್ಕೆ ಹಾಕಿದ್ದು ಸಾರ್ಥಕ.

## ಹಂತ 1: ಬೀರು ಖಾಲಿ ಮಾಡಿ, ಗೋಡೆ ಪರೀಕ್ಷಿಸಿ

ಎಲ್ಲ ಅರೆಗಳನ್ನೂ ಒಟ್ಟಿಗೆ ಖಾಲಿ ಮಾಡಿ. ಒಂದೊಂದೇ ಅರೆ ತೆಗೆದು ಒರೆಸಿ ತುಂಬುವ ಪದ್ಧತಿಯಲ್ಲಿ ಹಿಂಬದಿಯ ಹಲಗೆಯನ್ನು ಯಾರೂ ನೋಡುವುದಿಲ್ಲ, ಬೂಸ್ಟು ಹುಟ್ಟುವುದು ಅಲ್ಲೇ.

ಬಟ್ಟೆ ತೆಗೆಯುವಾಗ ಚರ್ಮದ ಬೆಲ್ಟ್, ಪರ್ಸ್, ಬ್ಯಾಗುಗಳ ಒಳಮೈ ನೋಡಿ. ಬೀರುವಿನಲ್ಲಿ ಮೊದಲು ಬೂಸ್ಟು ಹಿಡಿಯುವುದು ಚರ್ಮಕ್ಕೆ. ಬೆಲ್ಟಿನ ಹಿಂಬದಿಯಲ್ಲಿ ಬೂದು ಮಿಶ್ರಿತ ಹಸಿರು ಪುಡಿ ಕಂಡರೆ, ಬಟ್ಟೆಗಳು ಚೆನ್ನಾಗಿ ಕಂಡರೂ ಈ ಕಪಾಟಿನಲ್ಲಿ ತೇವವಿದೆ ಎಂದೇ ಲೆಕ್ಕ. ಚರ್ಮದ್ದೆಲ್ಲ ಇನ್ನು ಮುಂದೆ ಬಟ್ಟೆಯ ಬೀರುವಿನಲ್ಲಿ ಬೇಡ. ಗಾಳಿಯಾಡುವ ಗೂಟಕ್ಕೆ ಹೋಗಲಿ.

ಈಗ ಗೋಡೆ. ನೈಋತ್ಯ ಮಾರುತದ ಇರಿಚಲು ಬಡಿಯುವ ಪಶ್ಚಿಮ, ದಕ್ಷಿಣದ ಹೊರಗೋಡೆ ಮತ್ತು ಬಚ್ಚಲುಮನೆಗೆ ಅಂಟಿದ ಗೋಡೆ, ಇವೆರಡರ ಮೇಲೆ ಅನುಮಾನವಿರಲಿ. ಒಂದಡಿ ಚೌಕದ ಫಾಯಿಲ್ಲನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಅಂಟುಪಟ್ಟಿ ಬಿಗಿಯಾಗಿ ಹಚ್ಚಿ. ಎರಡು ದಿನದ ಮೇಲೆ ಬಿಚ್ಚಿ ನೋಡಿ. ಗೋಡೆಯ ಕಡೆಯ ಮೈ ಒದ್ದೆಯಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಅದಕ್ಕೆ ಮೇಸ್ತ್ರಿ ಬೇಕು, ಯಾವ ಗುಳಿಗೆಯಿಂದಲೂ ಪ್ರಯೋಜನವಿಲ್ಲ. ಕೋಣೆಯ ಕಡೆಯ ಮೈ ಮಾತ್ರ ಮಂಜುಗಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ, ಗಾಳಿಯಾಟ ಹೆಚ್ಚಿಸಿದರೆ ಸರಿಹೋಗುತ್ತದೆ. ಇದೇ ಪರೀಕ್ಷೆಯನ್ನು ಜುಲೈನಲ್ಲಿ ಮತ್ತೊಮ್ಮೆ ಮಾಡಿ, ಬೇಸಿಗೆಯಲ್ಲಿ ಸುಮ್ಮನಿದ್ದ ಗೋಡೆ ಮಳೆಯಲ್ಲಿ ಬಾಯಿ ಬಿಡುವುದುಂಟು.

ಸ್ಟೀಲ್ ಬೀರುವನ್ನು ಗೋಡೆಯಿಂದ ಕನಿಷ್ಠ 3 ಇಂಚು ಮುಂದಕ್ಕೆ ಎಳೆದು, ನಾಲ್ಕು ಕಾಲಿನ ಕೆಳಗೂ 2 ಇಂಚಿನ ಮರದ ತುಂಡು ಕೊಡಿ. ಗೋಡೆಯಲ್ಲೇ ಕಟ್ಟಿದ ಕಪಾಟನ್ನು ಎಳೆಯುವ ಹಾಗಿಲ್ಲ. ಅಲ್ಲಿ ಒಳಗೇ ಜಾಗ ಬಿಡಬೇಕು, ಅದು 6ನೇ ಹಂತದಲ್ಲಿ.

## ಹಂತ 2: ಕಪಾಟಿನ ಒಳಮೈ ಒಣಗಿಸಿ

ಮೊದಲು ಒಣ ಬ್ರಷ್ ಅಥವಾ ವ್ಯಾಕ್ಯೂಮ್‌ನಿಂದ ಧೂಳು, ಮೂಲೆಯ ಕಸ ತೆಗೆಯಿರಿ. ನೀರು ಮುಟ್ಟಿಸಿದ ಮೇಲೆ ಧೂಳು ಕೆಸರಾಗಿ ಸಂದಿಯಲ್ಲಿ ಕೂರುತ್ತದೆ, ಬೂಸ್ಟಿಗೆ ಅದೇ ಊಟ. ಬೂಸ್ಟು ಕಂಡಿದ್ದರೆ ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ, ಕಿಟಕಿ ತೆರೆಯಿರಿ.

ಆಮೇಲೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ. ಲ್ಯಾಮಿನೇಟ್ ಮತ್ತು ಪೇಂಟ್ ಹಚ್ಚಿದ ಮೈಗೆ ಇದು ಸರಿ. ಪಾಲಿಶ್ ಮಾಡಿದ ತೇಗಕ್ಕೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಸ್ಟೀಲ್ ಬೀರುವಿನಲ್ಲಿ ಪೇಂಟ್ ಎದ್ದ ಕಡೆ ವಿನೆಗರ್ ಬೇಡ, ಬರೀ ಒಣಬಟ್ಟೆ. ತುಕ್ಕಿದ್ದರೆ ಉಜ್ಜಿ ತೆಗೆದು ಲೋಹದ ಪ್ರೈಮರ್ ಹಚ್ಚಿ. ಬ್ಲೀಚಿಂಗ್ ದ್ರಾವಣ ಮರದ ಮೇಲ್ಮೈಯನ್ನು ಬೆಳ್ಳಗೆ ಮಾಡುತ್ತದೆಯೇ ಹೊರತು ಒಳಗಿಳಿದ ಬೂಸ್ಟನ್ನು ತಲುಪುವುದಿಲ್ಲ. ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಸೇರಿಸಲೇಬೇಡಿ, ವಿಷದ ಅನಿಲ ಬರುತ್ತದೆ.

ಇನ್ನು ಬಾಗಿಲು ಪೂರ್ತಿ ತೆರೆದು, ಟೇಬಲ್ ಫ್ಯಾನ್ ಒಳಗೆ ಬೀಸುವಂತಿಟ್ಟು, ಮರುದಿನ ಬೆಳಗಿನವರೆಗೆ ಬಿಡಿ. ಎರಡು ದಿನ ಬೇಕು ಎಂದದ್ದು ಇದಕ್ಕಾಗಿ. ಪ್ಲೈವುಡ್ ಹಲಗೆಯ ಮೈ ಹತ್ತು ನಿಮಿಷದಲ್ಲಿ ಒಣಗಿದಂತೆ ಕಾಣುತ್ತದೆ, ಅಂಚಿನ ಪದರಗಳು ಹೀರಿದ ನೀರು ಹೊರಬರಲು ರಾತ್ರಿ ಹಿಡಿಯುತ್ತದೆ.

ಬೀರುವಿನೊಳಗೆ ಝೀರೋ ಬಲ್ಬ್ ಉರಿಸುವ ರೂಢಿ ಮಲೆನಾಡಿನ ಕೆಲವು ಮನೆಗಳಲ್ಲಿದೆ. ಹಳೆಯ ತಂತಿ ಬಲ್ಬಿನ ಶಾಖ ಕೆಲಸ ಮಾಡುತ್ತಿತ್ತು. ಈಗ ಅದೇ ಹೋಲ್ಡರಿಗೆ ಎಲ್‌ಇಡಿ ಸಿಕ್ಕಿಸಿ ಬೂಸ್ಟು ಯಾಕೆ ಬಂತು ಎಂದು ಕೇಳುತ್ತಾರೆ. ಎಲ್‌ಇಡಿಯಿಂದ ಬರುವುದು ಬೆಳಕು, ಶಾಖ ಲೆಕ್ಕಕ್ಕಿಲ್ಲದಷ್ಟು. ತಂತಿ ಬಲ್ಬನ್ನು ಬಟ್ಟೆಯ ಪಕ್ಕ ಉರಿಸುವುದು ಬೆಂಕಿಗೆ ಆಹ್ವಾನ. ಖಾಲಿ ಬೀರು ಒಣಗಿಸಲು ಬೇಕಾದರೆ ಬಳಸಿ, ಬಟ್ಟೆ ತುಂಬಿದ ಮೇಲೆ ಬೇಡ.

## ಹಂತ 3: ಬಟ್ಟೆ ಒಗೆದು, ಗಂಜಿ ತೆಗೆದು, ಒಣಗಿಸಿ

ಕಪಾಟು ಒಣಗುವಷ್ಟರಲ್ಲಿ ಬಟ್ಟೆಯ ಕೆಲಸ. ಒಂದೇ ಸಲ ಉಟ್ಟದ್ದು, ಕೊಳೆ ಕಾಣುವುದಿಲ್ಲ ಎಂದು ಮಡಿಸಿಟ್ಟ ಸೀರೆ, ಶರ್ಟುಗಳೇ ಮೊದಲು ಕೆಡುವುದು. ಕಂಕುಳ, ಕಾಲರ್, ಸೆರಗಿನ ತುದಿಯ ಬೆವರು ಮತ್ತು ಊಟದ ಎಣ್ಣೆ ಕಣ್ಣಿಗೆ ಕಾಣದೆ ಇರುತ್ತದೆ. ಎರಡು ತಿಂಗಳಲ್ಲಿ ಅದು ಹಳದಿ ಕಲೆಯಾಗುತ್ತದೆ. ಬೂಸ್ಟಿಗೂ, ರೇಷ್ಮೆ ಉಣ್ಣೆ ತಿನ್ನುವ ನುಸಿಯ ಮರಿಗೂ ಅದೇ ಮೇವು.

ಗಂಜಿ ಹಾಕಿದ ಯಾವ ಬಟ್ಟೆಯನ್ನೂ ಮಳೆಗಾಲದಲ್ಲಿ ತೆಗೆದಿಡಬೇಡಿ. ಹತ್ತಿ ಸೀರೆ, ಪಂಚೆ, ಬಿಳಿ ಅಂಗಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಎರಡು ಸಲ ಜಾಲಿಸಿ. ಬೆಳ್ಳಗೆ ಮಿಂಚುತ್ತ ಸರ್ರನೆ ಓಡುವ ಸಿಲ್ವರ್‌ಫಿಶ್ ಹುಳ ತಿನ್ನಲು ಬರುವುದು ಗಂಜಿಯನ್ನು, ನೂಲು ಅದರ ಜೊತೆಗೆ ಹೋಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ ಆಗಿದ್ದರೆ ಬಿಸಿನೀರು ಬೇಡ. ತಣ್ಣೀರಿನಲ್ಲಿ ಸೆರಗಿನ ಕೆಂಪು ಬಣ್ಣ ಬಿಡುತ್ತದೆಯೇ ಎಂದು ಮೊದಲು ಒಂದು ಮೂಲೆ ಅದ್ದಿ ನೋಡಿ.

ಹತ್ತಿಯನ್ನು ಒಳಮೈ ಹೊರಗೆ ಮಾಡಿ 2ರಿಂದ 3 ಗಂಟೆ ಬಿಸಿಲಿಗೆ ಹಾಕಿ. ರೇಷ್ಮೆ, ಉಣ್ಣೆಗೆ ಗಾಳಿಯಾಡುವ ನೆರಳು. ಒಗೆಯದ ರೇಷ್ಮೆ ಸೀರೆಯನ್ನು ಪೂರ್ತಿ ಬಿಚ್ಚಿ, ಹಗ್ಗಕ್ಕೊಂದು ಹಳೆ ಬಟ್ಟೆ ಹಾಸಿ ಅದರ ಮೇಲೆ ಹರಡಿ. ಬರಿ ನೈಲಾನ್ ಹಗ್ಗದ ಗೆರೆ ಜರಿಯ ಮೇಲೆ ಉಳಿಯುತ್ತದೆ. ಕಬ್ಬಿಣದ ತಂತಿಯಾದರೆ ತುಕ್ಕೂ ಹತ್ತುತ್ತದೆ.

ಪಿನ್ನು! ಸೆರಗಿಗೆ, ನೆರಿಗೆಗೆ ಚುಚ್ಚಿ ಮರೆತ ಸೇಫ್ಟಿ ಪಿನ್ನುಗಳನ್ನು ಒಂದೂ ಬಿಡದೆ ತೆಗೆಯಿರಿ. ಡ್ರೈಕ್ಲೀನಿಂಗ್‌ನವರು ಹಾಕಿದ ಸ್ಟೇಪಲ್ ಪಿನ್ನನ್ನೂ ಅಷ್ಟೇ. ಎರಡು ತಿಂಗಳ ಥಂಡಿಯಲ್ಲಿ ಅದು ಕೆಂಪು ಚುಕ್ಕೆಯಾಗಿ, ಆ ಚುಕ್ಕೆ ತೂತಾಗುತ್ತದೆ. ಬ್ಲೌಸಿನ ಹುಕ್ಕುಗಳನ್ನು ಹಾಕಿ, ಪಟ್ಟಿಯ ನಡುವೆ ಬಿಳಿ ಹತ್ತಿ ಬಟ್ಟೆಯ ಪಟ್ಟಿ ಇಡಿ. ಬ್ಲೌಸನ್ನು ಸೀರೆಯ ಮಡಿಕೆಯೊಳಗೆ ಇಡುವ ಅಭ್ಯಾಸ ಬಿಟ್ಟರೆ ಒಳ್ಳೆಯದು.

### ಒಣಗಿದೆಯೇ ಎಂದು ತಿಳಿಯುವುದು ಹೇಗೆ

ಅಂಗೈ ಪರೀಕ್ಷೆಯನ್ನು ನಂಬಬೇಡಿ. ತಂಪು ಮತ್ತು ತೇವದ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ. ಪ್ರತಿ ಬಟ್ಟೆಯಲ್ಲೂ ತಡವಾಗಿ ಒಣಗುವ ಜಾಗವೊಂದಿರುತ್ತದೆ: ಸೀರೆಗೆ ಫಾಲ್ ಹೊಲಿದ ಅಂಚು, ಪ್ಯಾಂಟಿಗೆ ಸೊಂಟಪಟ್ಟಿ ಮತ್ತು ಜೇಬಿನ ಒಳಚೀಲ, ಶರ್ಟಿಗೆ ಕಾಲರ್, ಬ್ಲೌಸಿಗೆ ಕಂಕುಳ ಮತ್ತು ಹುಕ್ಕಿನ ಪಟ್ಟಿ, ಸ್ವೆಟರಿಗೆ ಕೆಳಗಿನ ದಪ್ಪ ಅಂಚು.

ಅನುಮಾನವಿದ್ದರೆ ಆ ಜಾಗವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ, ಬಾಯಿಯನ್ನು ಬಿಗಿಯಾಗಿ ಹಿಡಿಕಟ್ಟಿ, 15 ನಿಮಿಷ ಬಿಸಿಲಲ್ಲಿಡಿ. ಚೀಲದ ಒಳಮೈಯಲ್ಲಿ ಮಂಜು ಕೂತರೆ ಒಣಗಿಲ್ಲ. ಫಾಲ್ ಇರುವ ಅಂಚಿನಿಂದ ಶುರು ಮಾಡಿ. ಸೀರೆಯ ಒಡಲೆಲ್ಲ ಗರಿಗರಿಯಾಗಿದ್ದರೂ ಆ ಒಂದು ಪಟ್ಟಿಯಿಂದ ಚೀಲ ಮಬ್ಬಾಗುವುದನ್ನು ಕಂಡರೆ, ಬೂಸ್ಟು ಯಾಕೆ ಯಾವಾಗಲೂ ಅಂಚಿನಿಂದಲೇ ಹಬ್ಬುತ್ತದೆ ಎಂದು ಅರ್ಥವಾಗುತ್ತದೆ.

ಇಸ್ತ್ರಿ ಮಾಡುವುದಾದರೆ ಈಗಲೇ, ಹಬೆ ಇಲ್ಲದೆ. ಜರಿಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಕಡಿಮೆ ಕಾವಿನಲ್ಲಿ. ಇಸ್ತ್ರಿಯಾದ ಮೇಲೆ ಅರ್ಧ ಗಂಟೆ ಹೊರಗಿಟ್ಟು ಆರಿಸಿ. ಬಿಸಿಯಿರುವಾಗಲೇ ಮಡಿಸಿದರೆ ಆವಿ ಮಡಿಕೆಯೊಳಗೇ ಉಳಿಯುತ್ತದೆ.

## ಹಂತ 4: ಎಣಿಸಿ, ಆಮೇಲೆ ವಿಂಗಡಿಸಿ

ಬಟ್ಟೆ ಕಡಿಮೆ ಮಾಡುವ ಸಾಮಾನ್ಯ ಸಲಹೆಗಳನ್ನು ಮಳೆಗಾಲದಲ್ಲಿ ಕಣ್ಣುಮುಚ್ಚಿ ಪಾಲಿಸಬೇಡಿ. ನಿತ್ಯದ ಬಟ್ಟೆ ಬೇಸಿಗೆಗಿಂತ ಹೆಚ್ಚೇ ಬೇಕು, ಯಾಕೆಂದರೆ ಒಗೆದದ್ದು ಹಗ್ಗದಿಂದ ಇಳಿಯುವುದಿಲ್ಲ. ಲೆಕ್ಕ ಸರಳ: ನಿಮ್ಮೂರಲ್ಲಿ ಆಷಾಢದ ಮಳೆಗೆ ಒಂದು ಜತೆ ಬಟ್ಟೆ ಒಣಗಲು ಎಷ್ಟು ದಿನ ಬೇಕೋ ಅದಕ್ಕೆ 2 ಸೇರಿಸಿ, ದಿನಕ್ಕೆ ಬೇಕಾಗುವ ಜತೆಯಿಂದ ಗುಣಿಸಿ. ತೀರ್ಥಹಳ್ಳಿ, ಶೃಂಗೇರಿ ಕಡೆ ಹತ್ತಿ ಬಟ್ಟೆಗೆ ಮೂರು ದಿನ ಹಿಡಿದರೆ ದಿನಕ್ಕೊಂದರಂತೆ 5 ಜತೆ. ಒಳಉಡುಪು ದಿನಕ್ಕೆರಡಾದರೆ 10. ಶಾಲೆಯ ಸಮವಸ್ತ್ರ ಎರಡೇ ಜತೆ ಇದ್ದರೆ ಮೂರನೆಯದನ್ನು ಈಗಲೇ ಹೊಲಿಸಿ, ಕಾಲುಚೀಲ ಆರು ಜತೆ ಇರಲಿ.

ಈ ಸಂಖ್ಯೆ ಬರೆದಿಟ್ಟುಕೊಂಡು ವಿಂಗಡಣೆಗೆ ಕೂತರೆ ವಾದವೇ ಇರುವುದಿಲ್ಲ. ನೆಲದ ಮೇಲೆ ಚಾದರ ಹಾಸಿ ನಾಲ್ಕು ಗುಡ್ಡೆ ಮಾಡಿ.

ನಿತ್ಯದ್ದು. ಬೇಗ ಒಣಗುವ ತೆಳು ಹತ್ತಿ, ಮಿಶ್ರ ನೂಲು, ಪಾಲಿಯೆಸ್ಟರ್, ಗಾಢ ಬಣ್ಣ. ಮಲೆನಾಡಿನಲ್ಲಾದರೆ ಸ್ವೆಟರ್, ಶಾಲು ಕೂಡ ಇಲ್ಲೇ.

ಹಬ್ಬದ್ದು. ಶ್ರಾವಣ, ಗೌರಿ ಗಣೇಶ, ದಸರೆಗೆ ಹೊರಬರುವ ರೇಷ್ಮೆ, ಜರಿ ಪಂಚೆ, ಮಕ್ಕಳ ಲಂಗ.

ಮಲಗುವುದು. ದಪ್ಪ ಜೀನ್ಸ್, ಲಿನನ್, ಬಿಳಿ ಪ್ಯಾಂಟ್, ಭಾರದ ಹೊದಿಕೆ. ಅಕ್ಟೋಬರ್‌ವರೆಗೆ ಮುಟ್ಟುವುದಿಲ್ಲ.

ಹೊರಗೆ ಹೋಗುವುದು. ಎರಡು ಮಳೆಗಾಲ, ಎರಡು ಹಬ್ಬದ ಸಾಲು ಕಳೆದರೂ ಮೈಮೇಲೆ ಬರದದ್ದು, ಹೊಲಿಗೆ ಬಿಚ್ಚಿದರೂ ಹಿಡಿಯದ ಬ್ಲೌಸು, ಬೂಸ್ಟಿನ ಕಂದು ಚುಕ್ಕೆ ಒಳಗಿಳಿದದ್ದು.

ನಾಲ್ಕನೆಯ ಗುಡ್ಡೆಯನ್ನು ಅಟ್ಟಕ್ಕೆ ಏರಿಸಿದರೆ ಅದು ಬೂಸ್ಟಿನ ನರ್ಸರಿಯಾಗುತ್ತದೆ. ಒಂದು ವಾರದೊಳಗೆ ಮನೆಯಿಂದ ಹೊರಹೋಗಬೇಕು. ಉಡಬಹುದಾದದ್ದನ್ನು ಒಗೆದು, ಇಸ್ತ್ರಿ ಮಾಡಿ ಕೊಡಿ. ಮೆತ್ತನೆ ಹತ್ತಿ ಸೀರೆಗಳನ್ನು ಕೌದಿ ಹೊಲಿಯುವವರಿಗೆ ತಲುಪಿಸಿ, ಉತ್ತರ ಕರ್ನಾಟಕದ ಕೌದಿಗೆ ಅದಕ್ಕಿಂತ ಒಳ್ಳೆಯ ಪದರವಿಲ್ಲ. ಹರಿದ ಬೆಳ್ಳಿ ಜರಿಯ ಸೀರೆಯನ್ನು ಬಾಗಿಲಿಗೆ ಬರುವವರ ತಕ್ಕಡಿಗೆ ಹಾಕುವ ಮೊದಲು ಎರಡು ಕಡೆ ಬೆಲೆ ಕೇಳಿ. ಮೈಸೂರು ಸಿಲ್ಕ್ ಸೀರೆಗಳ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಹಳೆ ಬಟ್ಟೆಯ ದರಕ್ಕೆ ಹೋಗುವ ವಸ್ತುವಲ್ಲ.

## ಹಂತ 5: ರೇಷ್ಮೆ ಮತ್ತು ಜರಿ ಮಡಿಸುವುದು

ಇಲ್ಲಿ ಅವಸರ ಬೇಡ. ಜರಿ ಎಂದರೆ ನೂಲಿನ ಸುತ್ತ ಸುತ್ತಿದ ಲೋಹದ ತಂತಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಕೆ ಬಿದ್ದರೆ ಲೋಹ ಬಿರುಕು ಬಿಟ್ಟು, ಕೆಳಗಿನ ರೇಷ್ಮೆ ಎಳೆ ತುಂಡಾಗುತ್ತದೆ. ಮದುವೆಯ ಸೀರೆಗಳು ಸೆರಗಿನ ಅಡ್ಡಕ್ಕೆ ನೇರ ಗೆರೆಯಲ್ಲಿ ಸೀಳುವುದು ಹೀಗೆ.

ಇಬ್ಬರು ನಿಂತು ಸೀರೆಯನ್ನು ಪೂರ್ತಿ ಬಿಚ್ಚಿ. ಹಳೆಯ ಮಡಿಕೆ ಗೆರೆಗಳು ಬೆಳಕಿಗೆ ಹಿಡಿದರೆ ಕಾಣುತ್ತವೆ. ಅಗಲದಲ್ಲಿ ಹಿಂದೆ ಎರಡು ಪದರವಾಗಿ ಮಡಿಸಿದ್ದರೆ ಈ ಸಲ ಮೂರು ಪದರ ಮಾಡಿ. ಉದ್ದದ ಮಡಿಕೆಯನ್ನು ಹಳೆ ಗೆರೆಯಿಂದ ನಾಲ್ಕು ಬೆರಳು ಸರಿಸಿ ಶುರು ಮಾಡಿ, ಮೊದಲ ಮಡಿಕೆ ಸರಿದರೆ ಉಳಿದವು ತಾವೇ ಸರಿಯುತ್ತವೆ. ಜರಿಯ ಮುಖ ಒಳಗಿರಲಿ. ಭಾರದ ಸೆರಗಿನ ಮಡಿಕೆಯೊಳಗೆ ಸುರುಳಿ ಸುತ್ತಿದ ಮಲ್‌ಮಲ್ ತುಂಡೊಂದನ್ನು ಇಟ್ಟರೆ ಮಡಿಕೆ ಚೂಪಾಗದೆ ದುಂಡಗಿರುತ್ತದೆ. ಮೂರು ತಿಂಗಳಿಗೊಮ್ಮೆ ಮತ್ತೆ ಬಿಚ್ಚಿ ಗೆರೆ ಬದಲಿಸಿ.

ಒಂದು ಸುತ್ತುಬಟ್ಟೆಗೆ ಒಂದೇ ಸೀರೆ, ಹೆಚ್ಚೆಂದರೆ ಎರಡು. ಅಸಲಿ ಜರಿಯ ಜೊತೆ ನಕಲಿ ಜರಿ ಬೇಡ, ತಾಮ್ರದ ಮೇಲಿನ ಲೇಪ ಕಪ್ಪಾದಾಗ ಪಕ್ಕದ ಸೀರೆಗೂ ಕಲೆ. ಸುತ್ತಿದ ಮೇಲೆ ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಹೊರಗೆ ಬಟ್ಟೆಯ ಪಟ್ಟಿಯೊಂದನ್ನು ಟಾಕಿ ಪೆನ್ಸಿಲ್ಲಿನಲ್ಲಿ ಬರೆಯಿರಿ: “ಹಸಿರು ಮೈಸೂರು ಸಿಲ್ಕ್, ಮಡಿಸಿದ್ದು ಮೇ 28”. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಚೀಟಿ ಇಲ್ಲದಿದ್ದರೆ ಒಂದು ಸೀರೆ ಹುಡುಕಲು ಏಳು ಗಂಟು ಬಿಚ್ಚಬೇಕಾಗುತ್ತದೆ.

ಅಂಗಡಿಯ ಪ್ಲಾಸ್ಟಿಕ್ ಕವರ್, ಕಾಗದದ ಡಬ್ಬಿ ಎರಡೂ ಬೇಡ. ಪ್ಲಾಸ್ಟಿಕ್ಕಿನೊಳಗಿನ ತೇವಕ್ಕೆ ಹೊರದಾರಿಯಿಲ್ಲ, ರಟ್ಟು ಥಂಡಿ ಹೀರುತ್ತದೆ. ಭಾರದ ಕಾಂಜೀವರಂ ಸೀರೆಗಳನ್ನು ಹ್ಯಾಂಗರಿಗೆ ಹಾಕಿದರೆ ತೂಕಕ್ಕೆ ನೇಯ್ಗೆ ಜಗ್ಗುತ್ತದೆ. ಕ್ರೇಪ್, ಜಾರ್ಜೆಟ್‌ಗಳೂ ನೇತಾಡಿ ಉದ್ದವಾಗುತ್ತವೆ. ಇವೆಲ್ಲ ಮಲಗಿಯೇ ಇರಬೇಕು, ಒಂದರ ಮೇಲೊಂದು ಐದಕ್ಕಿಂತ ಹೆಚ್ಚಿಲ್ಲದೆ, ಭಾರದ್ದು ಕೆಳಗೆ.

## ಹಂತ 6: ಅರೆಗಳಲ್ಲಿ ಜೋಡಣೆ

ಅರೆಗೆ ದಿನಪತ್ರಿಕೆ ಹಾಸುವುದು ನಮ್ಮಲ್ಲಿ ಎಲ್ಲ ಮನೆಯ ರೂಢಿ, ಮಳೆಗಾಲದಲ್ಲಿ ತಪ್ಪು. ಕಾಗದ ತೇವ ಹೀರುತ್ತದೆ, ಸಿಲ್ವರ್‌ಫಿಶ್‌ಗೆ ತಿಂಡಿಯಾಗುತ್ತದೆ, ಮಸಿ ಬಿಳಿ ಪಂಚೆಗೆ ಅಚ್ಚೊತ್ತುತ್ತದೆ. ಅದರ ಬದಲು ಒಗೆದ ಹಳೆ ಚಾದರದ ತುಂಡು ಹಾಸಿ, ತಿಂಗಳಿಗೊಮ್ಮೆ ಬದಲಿಸಿ.

ಅರೆಯ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ರಾಶಿಯ ಹಿಂದೆ ಎರಡು ಬೆರಳು, ಮೇಲೆ ನಾಲ್ಕು ಬೆರಳು ಖಾಲಿ. ಹೊರಗೋಡೆಗೆ ಕಟ್ಟಿದ ಕಪಾಟಾದರೆ ಹಿಂದೆ ನಾಲ್ಕು ಬೆರಳು. ಅಂಗೈಯನ್ನು ನೇರ ಮಾಡಿ ರಾಶಿಯ ಹಿಂದೆ ತೂರಿಸಿ ನೋಡಿ, ತೂರದಿದ್ದರೆ ಅಲ್ಲಿ ಗಾಳಿಯೂ ತೂರುವುದಿಲ್ಲ. ಜಾಗ ಸಾಲದಿದ್ದರೆ 4ನೇ ಹಂತಕ್ಕೆ ವಾಪಸು ಹೋಗಿ, ಎಲ್ಲೋ ಕರುಣೆ ತೋರಿಸಿದ್ದೀರಿ.

ರೇಷ್ಮೆ ನಡುವಿನ ಅರೆಗಳಲ್ಲಿರಲಿ. ನೆಲದ ಥಂಡಿ ಮೊದಲು ಕೆಳಗಿನ ಅರೆಗೆ ಬರುತ್ತದೆ, ಅಲ್ಲಿ ಮಲಗುವ ಜೀನ್ಸ್ ಇಡಿ. ನಿತ್ಯದ್ದು ಕಣ್ಣಿನ ಮಟ್ಟದಲ್ಲಿ, ಸಾಧ್ಯವಾದರೆ ಬೇರೆ ಬಾಗಿಲಿನ ಹಿಂದೆ. ದಿನಕ್ಕೆ ಹತ್ತು ಸಲ ತೆರೆಯುವ ಬಾಗಿಲಿನಿಂದ ಒದ್ದೆ ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದನ್ನು ಹೊಗೆ ವಾಸನೆ ಹೋಗುವವರೆಗೆ ಹೊರಗೇ ಇಡಿ. ರೇನ್‌ಕೋಟ್, ಒದ್ದೆ ಕೊಡೆ, ಅರ್ಧ ದಿನ ಉಟ್ಟು “ನಾಳೆಗೂ ಆಗುತ್ತೆ” ಎಂದ ಪ್ಯಾಂಟು, ಇವಕ್ಕೆ ಬಾಗಿಲ ಹಿಂದೆ ಬೇರೆ ಗೂಟ ಹೊಡೆಯಿರಿ.

## ಹಂತ 7: ತೇವ ಹೀರುವುದು, ಹುಳ ಓಡಿಸುವುದು

ಇವೆರಡು ಬೇರೆ ಬೇರೆ ಕೆಲಸ. ನುಸಿಗುಳಿಗೆ ತೇವ ಹೀರುವುದಿಲ್ಲ, ಸಿಲಿಕಾ ಜೆಲ್ ಹುಳ ಓಡಿಸುವುದಿಲ್ಲ. ಒಂದನ್ನು ಹಾಕಿ ಇನ್ನೊಂದರ ಕೆಲಸ ನಿರೀಕ್ಷಿಸುವುದೇ ಸಾಮಾನ್ಯ ತಪ್ಪು.

ತೇವಕ್ಕೆ ಸಿಲಿಕಾ ಜೆಲ್ ಒಳ್ಳೆಯದು, ಆದರೆ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಮಾತ್ರ. 20 ಲೀಟರಿನ ಡಬ್ಬಿಗೆ 100 ಗ್ರಾಂ ಹತ್ತಿ ಚೀಲದಲ್ಲಿ ಕಟ್ಟಿಡಿ. ಸಂದಿಗಳಿರುವ ಮರದ ಕಪಾಟಿನಲ್ಲಿ ಅದು ಕೆಲವೇ ದಿನದಲ್ಲಿ ತುಂಬಿಹೋಗುತ್ತದೆ. ಕಿತ್ತಳೆ ಬಗೆಯದು ಹಸಿರಾದರೆ ತುಂಬಿದೆ ಎಂದರ್ಥ. 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಗೆ ಬರುತ್ತದೆ. ನೀಲಿಯಿಂದ ಗುಲಾಬಿಯಾಗುವ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿದೆ, ಮಕ್ಕಳಿರುವ ಮನೆಗೆ ಬೇಡ. ನೇತುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳು ಚೆನ್ನಾಗಿಯೇ ನೀರು ಎಳೆಯುತ್ತವೆ. ಕೆಳಗೆ ಸಂಗ್ರಹವಾದ ಆ ಉಪ್ಪುನೀರು ಸೋರಿದರೆ ರೇಷ್ಮೆ, ಚರ್ಮ, ಲೋಹ ಮೂರೂ ಹಾಳು. ಕೆಳಗೊಂದು ಸ್ಟೀಲ್ ತಟ್ಟೆ ಇಲ್ಲದೆ, ರೇಷ್ಮೆಯ ಮೇಲ್ಭಾಗದಲ್ಲಿ ಅದನ್ನು ತೂಗಬೇಡಿ. ಅಕ್ಕಿ, ಉಪ್ಪು, ಸೀಮೆಸುಣ್ಣ ಇಡುವ ಉಪಾಯಗಳು ಮುಷ್ಟಿಯಷ್ಟು ಜಾಗಕ್ಕೆ ಸರಿ, ಬೀರುವಿಗೆ ಸಾಲವು. ಇದ್ದಿಲು ವಾಸನೆ ಕಡಿಮೆ ಮಾಡೀತು, ಅಷ್ಟೇ.

ಹುಳಕ್ಕೆ ಬಜೆ ಬೇರು, ಒಣ ಬೇವಿನ ಎಲೆ, ಲವಂಗ, ಲಾವಂಚದ ಕಟ್ಟು ಹಳೆಯ ಉಪಾಯಗಳು. ಇವು ಹುಳವನ್ನು ದೂರ ಇಡಲು ನೆರವಾಗುತ್ತವೆ, ಒಳಗಿರುವ ಮೊಟ್ಟೆ ಮರಿಗಳನ್ನು ಕೊಲ್ಲುವುದಿಲ್ಲ. ವಾಸನೆ ಕುಂದಿದ ಮೇಲೆ ಬದಲಿಸಬೇಕು. ಬೇವಿನ ಎಲೆ ಕೈಯಲ್ಲಿ ಪುಡಿಯಾಗುವಷ್ಟು ಒಣಗಿರಲಿ. ಹಸಿ ಎಲೆ ಇಡುವುದೆಂದರೆ ತೇವವನ್ನು ಗಂಟುಕಟ್ಟಿ ಒಳಗಿಟ್ಟ ಹಾಗೆ.

ನುಸಿಗುಳಿಗೆ ಬಳಸುವುದಾದರೆ ತೆಳು ಬಟ್ಟೆಯಲ್ಲಿ ಕಟ್ಟಿ, ಮೇಲಿನ ಅರೆಯಲ್ಲಿಡಿ. ಅದರ ಆವಿ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಜರಿಗೆ, ಪ್ಲಾಸ್ಟಿಕ್ ಗುಂಡಿಗಳಿಗೆ ತಾಗಬಾರದು. ನ್ಯಾಫ್ತಲೀನ್ ಗುಳಿಗೆಯ ಜೊತೆ ಕರ್ಪೂರವನ್ನಾಗಲಿ, ಬೇರೆ ರಾಸಾಯನಿಕದ ಗುಳಿಗೆಯನ್ನಾಗಲಿ ಬೆರೆಸಿದರೆ ಕರಗಿ ಎಣ್ಣೆಯಂತಾಗಿ ಬಟ್ಟೆಗೆ ಕಲೆ ಹತ್ತುತ್ತದೆ.

ಎಚ್ಚರಿಕೆ: ಮಗುವಿನ ಬಟ್ಟೆ, ಹೊದಿಕೆ, ತೊಟ್ಟಿಲ ಬಟ್ಟೆಗಳ ಹತ್ತಿರ ನ್ಯಾಫ್ತಲೀನ್ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿಯಿಂದಲೂ ರಕ್ತಕಣಗಳು ಒಡೆದು ಕಾಮಾಲೆ ಬರಬಹುದು, ಆ ಕೊರತೆ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಮಿಠಾಯಿಯಂತೆ ಕಾಣುವ ಗುಳಿಗೆ ಮಕ್ಕಳ ಕೈಗೆ ಎಟುಕಲೇಬಾರದು.

ಉಣ್ಣೆಯಲ್ಲಿ ಸಣ್ಣ ತೂತು, ಅಕ್ಕಿಕಾಳಿನಂಥ ಗೂಡು ಕಂಡರೆ ಆ ಬಟ್ಟೆಯನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಉಣ್ಣೆಯ ಮೇಲೆ ನೀರು ಕೂರುತ್ತದೆ.

## ಹಂತ 8: ಆರಿದ್ರೆಯಿಂದ ಮಘೆಯವರೆಗೆ ಕಾವಲು

ಬಾಗಿಲು ಮುಚ್ಚಿದಲ್ಲಿಗೆ ಕೆಲಸ ಅರ್ಧವಾಯಿತು. ತೇವದ ಮೀಟರನ್ನು ರೇಷ್ಮೆಯ ಅರೆಯಲ್ಲೇ ಇಡಿ. ಶೇ 65 ದಾಟಿ ದಿನಗಟ್ಟಲೆ ನಿಂತರೆ ಬೂಸ್ಟಿಗೆ ಅವಕಾಶ. ಜುಲೈನಲ್ಲಿ ಮಂಗಳೂರು, ಉಡುಪಿಯ ಮನೆಗಳಲ್ಲಿ ಅದು 80ರ ಮೇಲೇ ಇರುತ್ತದೆ. ಅಲ್ಲಿ ಯಂತ್ರವಿಲ್ಲದೆ 65ಕ್ಕೆ ಇಳಿಸುವುದು ಕಷ್ಟ. ಎಸಿ ಇದ್ದರೆ ಕಿಟಕಿ ಮುಚ್ಚಿ, ಡ್ರೈ ಮೋಡಿನಲ್ಲಿ ವಾರಕ್ಕೆರಡು ಸಲ ಎರಡೆರಡು ಗಂಟೆ ಓಡಿಸಿ, ಆ ಹೊತ್ತಿನಲ್ಲಿ ಬೀರುವಿನ ಬಾಗಿಲು ತೆರೆದಿಡಿ. ಎಸಿ ಇಲ್ಲದವರು ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದ ಮಧ್ಯಾಹ್ನ 12ರಿಂದ 3ರೊಳಗೆ ಫ್ಯಾನ್ ಹಾಕಿ ತೆರೆಯಿರಿ. ಜಡಿಮಳೆ ಸುರಿಯುವಾಗ ಗಾಳಿಯಾಡಲಿ ಎಂದು ಬೀರು ತೆರೆದಿಡುವವರಿದ್ದಾರೆ. ಆಗ ಒಳಹೋಗುವುದು ನೀರು ತುಂಬಿದ ಗಾಳಿ.

ಹದಿನೈದು ದಿನಕ್ಕೊಮ್ಮೆ, ಮಳೆ ನಕ್ಷತ್ರ ಬದಲಾದಾಗಲೆಲ್ಲ ಎಂದು ನೆನಪಿಟ್ಟುಕೊಂಡರೆ ಸುಲಭ, ಐದು ನಿಮಿಷದ ತಪಾಸಣೆ ಮಾಡಿ. ಬಾಗಿಲು ತೆರೆದ ಮೊದಲ ಉಸಿರಿಗೇ ಮುಗ್ಗು ವಾಸನೆ ಬಂತೇ? ಹಿಂದಿನ ಮೂಲೆಯ ಹಲಗೆ ಅಂಗೈಗೆ ಜಿಗುಟೇ? ಹ್ಯಾಂಗರಿನ ಕೊಕ್ಕೆಯಲ್ಲಿ ತುಕ್ಕಿದೆಯೇ? ಕೆಳಗಿನ ಅರೆಯ ಹಾಸು ಒದ್ದೆಯೇ? ಒಂದಕ್ಕೆ ಹೌದು ಎಂದರೂ ಆ ಅರೆ ಪೂರ್ತಿ ಹೊರಗೆ. ಸುಗಂಧ ಸಿಂಪಡಿಸಿ ವಾಸನೆ ಮುಚ್ಚಿದರೆ ಇದ್ದ ಒಂದು ಸೂಚನೆಯನ್ನೂ ಕಳೆದುಕೊಳ್ಳುತ್ತೀರಿ.

ಆಷಾಢದ ನಡುವೆ ಒಂದು ಸಲ, ಬೇರೇನೂ ಆಗದಿದ್ದರೂ, ರೇಷ್ಮೆಯ ಗಂಟುಗಳನ್ನು ಬಿಚ್ಚಿ ಫ್ಯಾನಿನಡಿ ಒಂದು ಗಂಟೆ ಹರಡಿ, ಸುತ್ತುಬಟ್ಟೆ ಬದಲಿಸಿ. ಇಡೀ ಮಳೆಗಾಲದಲ್ಲಿ ಒಂದೇ ಕೆಲಸಕ್ಕೆ ಪುರುಸೊತ್ತು ಎನ್ನುವವರು ಇದನ್ನೇ ಮಾಡಿ.

## ಆದರೂ ಬೂಸ್ಟು ಬಂದರೆ

ಬಟ್ಟೆಯನ್ನು ಕೋಣೆಯಲ್ಲಿ ಕೊಡವಬೇಡಿ. ಆ ಪುಡಿ ಬೀಜದ ಹಾಗೆ, ಉಳಿದ ಅರೆಗಳಿಗೆಲ್ಲ ಬಿತ್ತುತ್ತೀರಿ. ಚಾದರದಲ್ಲಿ ಸುತ್ತಿ ಹೊರಗೆ ಒಯ್ದು, ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ನೂಲಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಒಣಗಿದ್ದಾಗಲೇ ಬ್ರಷ್ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪುಡಿ ನೇಯ್ಗೆಯೊಳಗೆ ಇಳಿಯುತ್ತದೆ.

ಬಣ್ಣ ಬಿಡದ ಹತ್ತಿಯನ್ನು 60 ಡಿಗ್ರಿಯ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ರೇಷ್ಮೆಯನ್ನು ಬ್ರಷ್ ಮಾಡಿ, ನೆರಳಲ್ಲಿ ಗಾಳಿಗೆ ಹಾಕಿ, ಡ್ರೈಕ್ಲೀನಿಂಗ್‌ಗೆ ಕೊಡಿ. ಬೂಸ್ಟು ಬಂದಿತ್ತು ಎಂದು ಅವರಿಗೆ ಹೇಳಲೇಬೇಕು, ಹೇಳದಿದ್ದರೆ ಇಸ್ತ್ರಿಯ ಕಾವಿಗೆ ಕಲೆ ಕೂತುಬಿಡುತ್ತದೆ. ಜರಿಗೆ ವಿನೆಗರ್, ನಿಂಬೆ, ಹುಣಸೆ ಯಾವುದೂ ಮುಟ್ಟಬಾರದು. ಬಿಳಿ ಹತ್ತಿಯ ಮೇಲಿನ ತುಕ್ಕಿನ ಕಲೆಗೆ ಮಾತ್ರ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಲ್ಲಿಟ್ಟು ಚೆನ್ನಾಗಿ ಜಾಲಿಸಿ.

ಬಿಳಿ ಪುಡಿ ಹೋದ ಮೇಲೂ ಕಂದು ಚುಕ್ಕೆಗಳು ಉಳಿದರೆ ಅವು ನೂಲಿಗೇ ಇಳಿದ ಕಲೆ, ಉಜ್ಜಿದಷ್ಟೂ ಸೀರೆಯೇ ಸವೆಯುತ್ತದೆ. ಆ ಸೀರೆಯನ್ನು ಉಳಿದವುಗಳಿಂದ ದೂರ, ಬೇರೆ ಅರೆಯಲ್ಲಿ ಎರಡು ವಾರ ಇಟ್ಟು, ಹೊಸ ಪುಡಿ ಏಳುವುದಿಲ್ಲ ಎಂದು ಖಚಿತವಾದ ಮೇಲೆಯೇ ಅದರ ಜಾಗಕ್ಕೆ ವಾಪಸು ತನ್ನಿ.